ಹಾವಿನ ಬೋಗುಣಿಗೆ ಸುರಿಯದ ನೀರು

ಬೆಳಗಿನ ಐದೂ ಮುಕ್ಕಾಲು. ಕನ್ನಡ-ತೆಲುಗು ಗಡಿಯ ಗದ್ವಾಲದ ನೇಕಾರರ ಓಣಿಯಲ್ಲಿ ಮಗ್ಗಗಳ ಸದ್ದು ಇನ್ನೂ ಶುರುವಾಗಿಲ್ಲ. ಆರು ಮನೆಗಳ ವಠಾರವೊಂದರ ಮೊದಲ ಮನೆ, ಅದರ ಹಿಂದಿನ ಕೋಣೆ. ಮೈಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಜಿನ ಪೆಟ್ಟಿಗೆಯ ಬಾಗಿಲನ್ನು ಪಕ್ಕಕ್ಕೆ ಸರಿಸುತ್ತಾರೆ. ಒಳಗೆ ನಾಲ್ಕಡಿ ಉದ್ದದ, ನನ್ನ ಮುಂಗೈಗಿಂತ ದಪ್ಪಗಿರುವ ಹಾವೊಂದು ನೀರಿನ ಬೋಗುಣಿಗೆ ಸುತ್ತು ಹಾಕಿಕೊಂಡು ಮಲಗಿದೆ. ಮೈಲಮ್ಮ ಬರಿಗೈಯನ್ನು ಅದರ ಹೊಟ್ಟೆಯಡಿ ತೂರಿಸುತ್ತಾರೆ. ಚಾಪೆಯ ಮೇಲೆ ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತಿ ಬದಿಗಿಡುತ್ತಾರೆ.

"ಸರಕೋ ಅವ್ವಾ. ನೀರು ಬದಲಿ ಮಾಡಬೇಕು."

ನಾನು ಬಾಗಿಲಿನ ಹೊರಗೆ ಗೋಡೆಗೆ ಬೆನ್ನು ಅಂಟಿಸಿ ನಿಂತಿದ್ದೇನೆ. ನನ್ನ ಪೆನ್ನು ನೆಲಕ್ಕೆ ಬಿದ್ದದ್ದು ಅದು ಉರುಳಿ ಹೋಗಿ ಹೊಸ್ತಿಲಿಗೆ ತಾಗಿದ ಮೇಲೆ ಗೊತ್ತಾಗುತ್ತದೆ. ಎತ್ತಿಕೊಳ್ಳಲು ಬಗ್ಗುವ ಧೈರ್ಯವಿಲ್ಲ.

"ಹೆದರಬ್ಯಾಡ್ರಿ ಅಕ್ಕಾರ," ಎನ್ನುತ್ತಾರೆ ಮೈಲಮ್ಮ, ತಿರುಗಿಯೂ ನೋಡದೆ. "ಇದು ನಮ್ಮ ನಾಗಪ್ಪ ಅಲ್ಲ. ಆಫ್ರಿಕಾದ್ದು. ಇದರಾಗ ವಿಷ ಇಲ್ಲ. ಸರ್ಕಾರದ ಕಾಗದನೂ ಐತಿ ಇದಕ್ಕ. ನನ್ನ ಆಧಾರ್ ಕಾರ್ಡಿನ್ಯಾಗ ಇನ್ನಾ ಹೆಸರು ತಪ್ಪೈತಿ, ಇದರ ಕಾಗದದಾಗ ಒಂದು ಅಕ್ಷರ ತಪ್ಪಿಲ್ಲ ನೋಡ್ರಿ!"

ಬಾಲ್ ಪೈಥಾನ್ ಎಂಬ ಜಾತಿಯ ಸಣ್ಣ ಹೆಬ್ಬಾವು ಇದು. ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಹೊರದೇಶದ ಇದನ್ನು ನೋಂದಣಿ ಮಾಡಿಸಿ ಸಾಕಬಹುದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಶಂಕರಯ್ಯನವರು ನಾಲ್ಕು ವರ್ಷದ ಹಿಂದೆ ಹೈದರಾಬಾದಿನಿಂದ ತಂದರು. ಕಂದು ಮೈಮೇಲಿನ ಹೊಂಬಣ್ಣದ ಪಟ್ಟೆ ನೋಡಿ 'ಜರಿ' ಎಂದು ಹೆಸರಿಟ್ಟವರು ಅವರ ಹೆಂಡತಿ ಅನಂತಮ್ಮ. ಹೆಸರಿಟ್ಟರು, ಆದರೆ ಕೋಣೆಯೊಳಗೆ ಕಾಲಿಡಲಿಲ್ಲ. ಅಷ್ಟರಲ್ಲೇ ಶಂಕರಯ್ಯನವರ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಬಗ್ಗಲಾಗದು, ಭಾರ ಎತ್ತಲಾಗದು. ದಿನಾ ನೀರು ಬದಲಿಸುವವರು ಬೇಕಾಯಿತು. ಮೂರು ಜನ ಕೆಲಸದವರು ಬಂದರು. ಒಬ್ಬಾಕೆ ಅಂಗಳದಲ್ಲೇ ಚಪ್ಪಲಿ ಬಿಟ್ಟು ಓಡಿಹೋದಳು. ನಾಲ್ಕನೆಯವರು ಮೈಲಮ್ಮ.

ಅವರ ವಯಸ್ಸು ಐವತ್ತಾರು. ಮಕ್ತಲ್ ಕಡೆಯ ಹಳ್ಳಿಯೊಂದರಲ್ಲಿ ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವರು. ಮನೆದೇವರು ಮೈಲಾರ, ಹಾಗಾಗಿ ಈ ಹೆಸರು. ಮದುವೆಯಾಗಿ ಗದ್ವಾಲಕ್ಕೆ ಬಂದ ಮೇಲೆ ಇಪ್ಪತ್ತೆರಡು ವರ್ಷ ಬಣ್ಣದ ಕಾರ್ಖಾನೆಯೊಂದರಲ್ಲಿ ನೂಲು ಜಾಲಿಸಿದರು. ಬಣ್ಣದ ಕೊಪ್ಪರಿಗೆಯಿಂದ ತೆಗೆದ ನೂಲನ್ನು ನೀರಿನಿಂದ ನೀರಿಗೆ ಹಾಕುತ್ತ, ನೀರಿನಲ್ಲಿ ಬಣ್ಣದ ಸುಳಿವೂ ಉಳಿಯದಂತೆ ತೊಳೆಯುವ ಕೆಲಸ. ಅಲ್ಲಿ ಕೊನೆಯ ತೊಟ್ಟಿಯ ನೀರು ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವುದು ಅವರದೇ ಜವಾಬ್ದಾರಿ. ಅಂಗೈಯಲ್ಲಿ ನೀರು ಹಿಡಿದು ಬೆಳಕಿಗೆ ನೋಡಬೇಕು, ಬೆರಳಲ್ಲಿ ಉಜ್ಜಬೇಕು, ಮೂಸಬೇಕು. ಬಣ್ಣ ಹಾಕಿದ ನೂಲೇ ಹೊರಗಿನಿಂದ ಬರತೊಡಗಿದಾಗ ಕಾರ್ಖಾನೆ ಮುಚ್ಚಿತು. ಇವತ್ತಿಗೂ ಅವರ ಉಗುರಿನ ಸಂದಿಯಲ್ಲಿ ಕಪ್ಪು-ನೇರಳೆ ಗೆರೆಯಿದೆ.

"ಮನ್ಯಾಗ ದೊಡ್ಡ ಗಲಾಟಿ ಆತ್ರಿ," ಎಂದು ನಗುತ್ತಾರೆ. "ನಮ್ಮ ಹನುಮಂತು ಇದಾರಲ್ಲ, ನಮ್ಮ ಯಜಮಾನರು, ಒಂದು ವರ್ಷ ನಾ ತಲಿಮ್ಯಾಲ ನೀರು ಹಾಕ್ಕೊಳ್ಳದ ಅಡಗಿಮನಿಗಿ ಬಿಡಲಿಲ್ಲ. ಮಗಳು ಸುನಿತಾ ನಾರಾಯಣಪೇಟದಾಗ ಇರತಾಳ. 'ಅವ್ವಾ, ಊರಾಗ ಬ್ಯಾರೆ ಕೆಲಸ ಇಲ್ಲೇನು, ಪಾಮಿನ ಪನಿ, ಹಾವಿನ ಕೆಲಸ ಯಾಕ?' ಅಂತ ಫೋನಿನ್ಯಾಗ ಅಳತಿದ್ಲು."

ಮನೆಯವರು ಹೇಗೋ ಒಗ್ಗಿದರು. ವಠಾರ ಒಗ್ಗಲಿಲ್ಲ. ಹಾವು ಮುಟ್ಟಿದ ಕೈ ಎಂದು ಅಂಗಳದ ನಳ ಮುಟ್ಟಗೊಡಲಿಲ್ಲ. ಬಾಯಾರಿದರೆ ಯಾರಾದರೂ ಮೇಲಿನಿಂದ ಸುರಿಯಬೇಕು, ಇವರು ಬೊಗಸೆಯೊಡ್ಡಿ ಕುಡಿಯಬೇಕು. ಹಿಂಬದಿಯ ಮನೆಯ ಕುರುಮಮ್ಮ ಎಂಬ ಎಪ್ಪತ್ತರ ಹಿರಿಯರಂತೂ ಇವರು ಹಾದುಹೋದರೆ ತಮ್ಮ ಕೊಡದ ಮೇಲೆ ತಟ್ಟೆ ಮುಚ್ಚುತ್ತಿದ್ದರಂತೆ. ಇದನ್ನು ಹೇಳುವಾಗ ಮೈಲಮ್ಮನ ದನಿಯಲ್ಲಿ ಸಿಟ್ಟಿಲ್ಲ. ಕೇಳುವ ನನಗೇ ಮುಖ ಎತ್ತಲಾಗುತ್ತಿಲ್ಲ.

ಕೆಲಸದ ಮೊದಲ ತಿಂಗಳಲ್ಲಿ ಅವರಿಂದ ಒಂದು ತಪ್ಪಾಯಿತು. ಅದನ್ನು ಅವರು ಮುಚ್ಚಿಡುವುದಿಲ್ಲ. ಹೆಬ್ಬಾವು ನೀರಿನಲ್ಲೇ ಹೊಲಸು ಮಾಡಿಕೊಂಡಿತ್ತು. ವಾಸನೆ ಹೋಗಲಿ ಎಂದು ಬೋಗುಣಿಯನ್ನು ಫಿನೈಲ್ ಹಾಕಿ ತಿಕ್ಕಿ, ಎರಡು ಸಲ ನೀರು ಸುರಿದು, ತುಂಬಿಸಿ ಇಟ್ಟುಬಿಟ್ಟರು. ಮಾರನೆಯ ದಿನ ಜರಿಯ ತಲೆ ಮೇಲಕ್ಕೆ ತಿರುಚಿಕೊಂಡಿತ್ತು. ಬಾಯಿ ತೆರೆದೇ ಇತ್ತು. ಹೊಟ್ಟೆ ಮೇಲಾಗಿ ಬಿದ್ದಿತ್ತು. ಹೈದರಾಬಾದಿನ ಪಶುವೈದ್ಯರು ವಿಡಿಯೊದಲ್ಲಿ ನೋಡಿ, ಫಿನೈಲು ಹಾವುಗಳಿಗೆ ನೇರ ವಿಷ ಎಂದರು. ಮೂರು ವಾರ ಬೇಕಾಯಿತು, ಅದು ಮೊದಲಿನಂತಾಗಲು.

"ಶಂಕರಯ್ಯ ಸಾರು ಒಂದು ಮಾತು ಬೈಯಲಿಲ್ಲರಿ. ಬೈದಿದ್ರ ಚಲೋ ಇತ್ತು," ಎನ್ನುತ್ತಾರೆ. "ಮೂಕ ಜೀವ. ನಾ ಏನು ಇಟ್ಟರ ಅದನ್ನ ಕುಡೀಬೇಕು. ನೀರು ನಾತ ಐತಿ ಅಂತ ಪಕ್ಕದ ಮನಿಗಿ ಹೋಗತೈತೇನು? ಅವತ್ತ ತಿಳೀತು ನನಗ, ಇದು ಬೋಗುಣಿ ತೊಳಿಯೋ ಕೆಲಸ ಅಲ್ಲ ಅಂತ."

ಅಂದಿನಿಂದ ಅವರದು ಒಂದೇ ಕ್ರಮ. ಮೂರು ಪಿಂಗಾಣಿ ಬೋಗುಣಿಗಳಿವೆ. ಒಂದು ಪೆಟ್ಟಿಗೆಯೊಳಗೆ, ಒಂದು ಬಿಸಿಲಿನಲ್ಲಿ, ಒಂದು ತೊಳೆಯಲು. ಬಿಸಿನೀರು, ತೆಂಗಿನ ನಾರು, ಒಂದಿಷ್ಟು ವಿನೆಗರ್. ಬೋಗುಣಿಯ ಗೋಡೆಯಲ್ಲಿ ಕಣ್ಣಿಗೆ ಕಾಣದ ಲೋಳೆ ಕಟ್ಟುತ್ತದೆ. ಬೆರಳು ಆಡಿಸಿದರೆ ಕಿರ್ರೆನ್ನಬೇಕು, ಜಾರಬಾರದು. ಏಳು ಸಲ ಜಾಲಿಸುತ್ತಾರೆ. ನೀರನ್ನು ಹಿಂದಿನ ದಿನವೇ ಸ್ಟೀಲಿನ ಬಕೆಟ್ಟಿನಲ್ಲಿ ಹಿಡಿದು, ಬಟ್ಟೆ ಮುಚ್ಚಿ, ಬೋರಿನ ಮಣ್ಣು ತಳ ಕೂರಲು ಬಿಡುತ್ತಾರೆ. ಬಕೆಟ್ ತುಂಬುವ ಮೊದಲು ಒಂದು ಬೊಗಸೆ ಹಿಡಿದು ನೋಡಿ, ಉಜ್ಜಿ, ಮೂಸುತ್ತಾರೆ. ಬೋಗುಣಿಗೆ ಸುರಿಯುವ ಮೊದಲು ಇನ್ನೊಮ್ಮೆ. ಬೆಳಿಗ್ಗೆ ಒಂದು ಸಲ, ಸಂಜೆ ಬಂದು ನೋಡಿ ಬೇಕಿದ್ದರೆ ಇನ್ನೊಂದು ಸಲ. ಹಾವು ಪೊರೆ ಬಿಡುವ ವಾರದಲ್ಲಿ ಮೂರು ಸಲವೂ ಆಗುತ್ತದೆ. ನಾಲ್ಕು ವರ್ಷದಲ್ಲಿ ಅವರು ತಪ್ಪಿಸಿದ್ದು ಹನ್ನೊಂದು ದಿನ. ಆ ಹನ್ನೊಂದೂ ಯಾವಾಗ, ಯಾಕೆ ಎಂದು ಅವರಿಗೆ ನೆನಪಿದೆ.

ಪತ್ರಿಕೆಗೆ ಬರೆಯುವ ನಾನು ರಾಯಚೂರಿನಿಂದ ರೈಲು ಹಿಡಿದು ಬಂದದ್ದು ಹಾವು ನೋಡಲು ಅಲ್ಲ. ಕಳೆದ ಶ್ರಾವಣದಲ್ಲಿ ಈ ಅಂಗಳದಲ್ಲಿ ನಡೆದದ್ದನ್ನು ಕೇಳಲು. ಒಬ್ಬೊಬ್ಬರಿಂದ ಕೇಳಿಸಿಕೊಂಡೆ.

ಅಂದು ಗುರುವಾರ. ನಸುಕಿನಿಂದಲೇ ಕರೆಂಟು ಇರಲಿಲ್ಲ. ಮೈಲಮ್ಮ ಎಂದಿನಂತೆ ಬಂದು, ನಾಳೆಯ ನೀರು ಹಿಡಿಯಲು ಶಂಕರಯ್ಯನವರ ಬಚ್ಚಲಿನ ನಳ ತಿರುಗಿಸಿದರು. ನೀರು ಸಣ್ಣಗೆ ಬಂತು. ಬೊಗಸೆಯೊಡ್ಡಿದರು.

"ನೀರು ಬೆಳ್ಳಗಿತ್ರಿ. ಅಕ್ಕಿ ತೊಳೆದಂಗ. ಮಣ್ಣಿದ್ರ ಕೆಂಪಗಿರತೈತಿ, ಇದು ಹಾಲಿನಂಗ. ಉಜ್ಜಿದೆ, ಎಣ್ಣಿ ಹತ್ತಿದಂಗ ಜಾರತು. ಮೂಸಿದೆ. ಅಯ್ಯಪ್ಪಾ, ಎದಿ ಧಸಕ್ ಅಂತು. ಬೆಳ್ಳುಳ್ಳಿ ಕೊಳೆತ ನಾತ, ಅದರಾಗ ಸೀಮಿಎಣ್ಣಿ ನಾತ."

ಶಂಕರಯ್ಯನವರನ್ನು ಕೂಗಿದರು. ಅವರು ಮೂಸಿದರು, ಏನೂ ತಿಳಿಯಲಿಲ್ಲ. ಕೊರೊನಾ ಬಂದು ಹೋದಾಗಿನಿಂದ ಅವರಿಗೆ ವಾಸನೆ ಸರಿಯಾಗಿ ಹತ್ತುವುದಿಲ್ಲ. "ಬೋರಿನ ಸುಣ್ಣ ಇರಬೇಕು ಮೈಲಮ್ಮ," ಎಂದರು. ಮೈಲಮ್ಮ ಬಕೆಟ್ಟನ್ನು ಅಲ್ಲೇ ಬೋರಲು ಹಾಕಿ, ಸೋಪು ಹಚ್ಚಿ ಹಿಂದಿನ ದಿನದ ನೀರಿನಲ್ಲಿ ಕೈ ತೊಳೆದು ಅಂಗಳಕ್ಕೆ ಓಡಿದರು. ಆರೂ ಮನೆಗೆ ಬರುವುದು ಒಂದೇ ಬೋರು, ಒಂದೇ ಟ್ಯಾಂಕು, ಒಂದೇ ಪೈಪು.

"ನೀಳ್ಳು ತಾಗಕಂಡಿ! ಯಾರೂ ನೀರು ಕುಡೀಬ್ಯಾಡ್ರಿ! ನೀರಿನ್ಯಾಗ ಏನೋ ಐತಿ!"

ತೆಲುಗಿನಲ್ಲೂ ಕನ್ನಡದಲ್ಲೂ ಕೂಗಿದರು. ಎರಡೂ ಬರುವ ಓಣಿ ಅದು, ಆದರೆ ಯಾರೂ ಕದಲಲಿಲ್ಲ. ಕಟ್ಟೆಯ ಮೇಲೆ ಕುಳಿತು ಬಾಯಿ ಮುಕ್ಕಳಿಸುತ್ತಿದ್ದ ಕುರುಮಮ್ಮ, "ಪಾಮಿನ ನೀರು ಕಾಯಾಕಿ ಈಗ ನಮ್ಮ ನೀರು ಕಾಯಾಕ ಬಂದ್ಲು ನೋಡ್ರೇ," ಎಂದು ಸುತ್ತಲಿನವರನ್ನು ನಗಿಸಿದರು. ಕೈಯಲ್ಲಿದ್ದ ಚೊಂಬಿನ ನೀರನ್ನು ಮೈಲಮ್ಮನ ಕಣ್ಣೆದುರೇ ಗಟಗಟ ಕುಡಿದರು. ಚೊಂಬು ಕಸಿದುಕೊಳ್ಳಬೇಕೆಂದು ಮೈಲಮ್ಮ ಕೈ ಚಾಚಿದರೆ, "ಮುಟ್ಟಬ್ಯಾಡ!" ಎಂದು ಗದರಿದರು.

ಆ ಹೊತ್ತಿನಲ್ಲಿ ಮೂರನೆಯ ಮನೆಯ ಬಾಗಿಲು ತೆರೆದಿತ್ತು. ಅಲ್ಲಿ ನೇಕಾರ ಭಾನುಪ್ರಕಾಶ, ಹೆಂಡತಿ ನವನೀತಾ, ಆಗ ಐದು ತಿಂಗಳಾಗಿದ್ದ ಮಗಳು ಪ್ರಶಾಂತಿ ಇರುತ್ತಾರೆ. ನವನೀತಾ ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಹಾಲಿನಪುಡಿ ಕಲಸಿದ ಬಾಟಲಿ ಅಲುಗಾಡಿಸುತ್ತಿದ್ದರು. ಮೈಲಮ್ಮ ಆ ಹೊಸ್ತಿಲನ್ನು ಎಂದೂ ದಾಟಿದವರಲ್ಲ. ಅಂದು ದಾಟಿದರು.

"'ನೀರು ಎಲ್ಲಿದು ತಂಗಿ?' ಅಂದೆ. 'ಈಗ ನಳದಾಗ ಹಿಡದು ಕಾಸಿದ್ದು, ಕಾದ ನೀರಿಗಿ ಏನಾಗತೈತಿ?' ಅಂದ್ಲು. ಬಾಟಲಿ ಬಾಯಿಗಿ ಹತ್ತತಿತ್ತರಿ. ನಾ ಕಸಗೊಂಡೆ, ಗ್ವಾಡಿಗಿ ಒಗದೆ."

ನವನೀತಾ ಕಿರುಚಿದರು. ಒಳಗಿನಿಂದ ಓಡಿಬಂದ ಭಾನುಪ್ರಕಾಶ ಕಂಡದ್ದು ಗೋಡೆಯಿಂದ ಇಳಿಯುತ್ತಿದ್ದ ಹಾಲು, ಅಳುತ್ತಿದ್ದ ಮಗು ಮತ್ತು ಹಾವಿನ ಕೆಲಸದಾಕೆ. ಹಿಂದುಮುಂದು ನೋಡದೆ ಎರಡೂ ಕೈಯಿಂದ ಆಕೆಯನ್ನು ಹೊರಗೆ ನೂಕಿದರು. ಮೈಲಮ್ಮ ಮೂರು ಮೆಟ್ಟಿಲು ಉರುಳಿ ಅಂಗಳದ ಕಲ್ಲಿನ ಮೇಲೆ ಬಿದ್ದರು. ಎಡಗೈ ಮಣಿಕಟ್ಟು ಲಟಕ್ಕೆಂದ ಸದ್ದು ತಮಗೂ ಕೇಳಿಸಿತು ಎನ್ನುತ್ತಾರೆ ಅಂಗಳದಲ್ಲಿದ್ದ ವೀರಬಸಮ್ಮ.

ಯಾರೂ ಎತ್ತಲು ಬರಲಿಲ್ಲ. ಕೆಳಗೆ ಬಿದ್ದ ಮೈಲಮ್ಮ ಅಲ್ಲೇ ತೆವಳಿ ಹೋಗಿ, ಬಲಗೈಯಿಂದ, ರಬ್ಬರ್ ಪೈಪು ಸಿಕ್ಕಿಸಿದ್ದ ಅಂಗಳದ ನಳ ಬಂದ್ ಮಾಡಿ, ಅದಕ್ಕೆ ಬೆನ್ನು ಕೊಟ್ಟು ಕುಳಿತರು. ವರ್ಷಗಟ್ಟಲೆ ಮುಟ್ಟಗೊಡದ ನಳ. "ಬೈದ್ರು, ಎಳದಾಡಿದ್ರು. ನಾ ಏಳಲಿಲ್ಲ. ಸಾರು ಕೋಲು ಹಿಡಕೊಂಡು ಬಂದು ನನ್ನ ಮಗ್ಗಲಾಗ ನಿಂತರು. ಅವರಿಗಿ ನಾತ ಹತ್ತಿರಲಿಲ್ಲ. ಆದ್ರೂ ನಿಂತರು. 'ಮೈಲಮ್ಮ ಮೂಸಿದ್ಲು ಅಂದ್ರ ಮುಗೀತು' ಅಂದ್ರು."

ಹದಿನೈದು ನಿಮಿಷವೂ ಕಳೆದಿರಲಿಲ್ಲ. ಕಟ್ಟೆಯ ಮೇಲಿದ್ದ ಕುರುಮಮ್ಮನ ಬಾಯಿಂದ ಜೊಲ್ಲು ಸುರಿಯತೊಡಗಿತು. ಮೈಯೆಲ್ಲ ಬೆವರು. ವಾಂತಿ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಕೈಕಾಲು ಅದುರುತ್ತ ಪಕ್ಕಕ್ಕೆ ವಾಲಿದರು. ನಗುತ್ತಿದ್ದವರ ಕೈಯಲ್ಲಿದ್ದ ಕೊಡಗಳು ಒಂದೊಂದಾಗಿ ಕೆಳಗಿಳಿದವು. ಶಂಕರಯ್ಯನವರು ನೂರಾ ಎಂಟಕ್ಕೆ ಫೋನು ಮಾಡಿದರು.

ಕುರುಮಮ್ಮನ ಮಗ ಜಂಬಪ್ಪ ಅಷ್ಟರಲ್ಲಿ ಓಣಿಯ ತುದಿಯ ಹೋಟೆಲಿನಿಂದ ಚಹಾ ಕುಡಿದು ಬಂದರು. ಅವರು ಇಟಿಕ್ಯಾಲದ ಕಡೆ ಹೊಲ ಗುತ್ತಿಗೆ ಹಿಡಿದು ಹತ್ತಿ ಬೀಜದ ಬೆಳೆ ಬೆಳೆಯುವವರು. ಬಿದ್ದ ತಾಯಿಯನ್ನು ನೋಡಿದರು. ನಳಕ್ಕೆ ಬೆನ್ನು ಕೊಟ್ಟ ಮೈಲಮ್ಮನನ್ನು ನೋಡಿದರು. ಆಮೇಲೆ ತಲೆಯೆತ್ತಿ, ಅಂಗಳದಲ್ಲೇ ನಿಂತಿದ್ದ ಟ್ರ್ಯಾಕ್ಟರ್ ಟ್ರಾಲಿಯ ಮೇಲಿದ್ದ ತಮ್ಮ ನೀಲಿ ಡ್ರಮ್ಮನ್ನು ನೋಡಿದರು. ಅರ್ಧ ತುಂಬಿದ್ದ ಡ್ರಮ್ಮು ಕಾಲು ಭಾಗಕ್ಕೆ ಇಳಿದಿತ್ತು.

ನಡೆದದ್ದು ಇಷ್ಟು. ಬೆಳೆಗೆ ಹೊಡೆಯುವ ಕೀಟನಾಶಕವನ್ನು ನಸುಕಿನಲ್ಲೇ ಡ್ರಮ್ಮಿಗೆ ಸುರಿದು, ಅಂಗಳದ ನಳಕ್ಕೆ ರಬ್ಬರ್ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಡ್ರಮ್ಮಿನ ತಳಕ್ಕೆ ಇಳಿಬಿಟ್ಟಿದ್ದರು ಜಂಬಪ್ಪ. ಡ್ರಮ್ಮು ಅರ್ಧವಾಗುವಷ್ಟರಲ್ಲಿ ಮೇಲಿನ ಟ್ಯಾಂಕು ಖಾಲಿಯಾಯಿತು. ಕರೆಂಟು ಬಂದ ಮೇಲೆ ತುಂಬಲಿ ಎಂದು ನಳ ತೆರೆದೇ ಬಿಟ್ಟು ಹೋದರು. ಮನೆಗಳಲ್ಲಿ ಎದ್ದವರು ತಂತಮ್ಮ ನಳ ತಿರುಗಿಸಿದರು. ಡ್ರಮ್ಮು ಎತ್ತರದಲ್ಲಿ, ನಳಗಳು ಕೆಳಗೆ, ಟ್ಯಾಂಕಿನಲ್ಲಿ ನೀರಿಲ್ಲ. ಡ್ರಮ್ಮಿನಲ್ಲಿದ್ದದ್ದು ಅದೇ ರಬ್ಬರ್ ಪೈಪಿನಲ್ಲಿ ಹಿಂದಕ್ಕೆ ಹರಿದು ಆರೂ ಮನೆಗಳ ನಳಕ್ಕೆ ಬಂತು. ಯಾರೂ ಬೇಕೆಂದು ಮಾಡಿದ್ದಲ್ಲ. ಊರೂರಿನ ಅಂಗಳಗಳಲ್ಲಿ ಬೆಳಗಾದರೆ ಹೀಗೆ ಡ್ರಮ್ಮು ತುಂಬಿಸುವವರನ್ನು ನಾನೇ ಎಷ್ಟು ಸಲ ನೋಡಿ ಸುಮ್ಮನೆ ಮುಂದೆ ಹೋಗಿದ್ದೇನೆ ಎಂದು ನೆನೆದೆ.

ಕುರುಮಮ್ಮ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಮೂರು ದಿನ ಉಸಿರಾಟದ ಯಂತ್ರ. ಬದುಕಿ ಬಂದರು. ವೈದ್ಯರು ಭಾನುಪ್ರಕಾಶರಿಗೆ ಹೇಳಿದ್ದು ಒಂದೇ ಮಾತು: ದೊಡ್ಡವರನ್ನೇ ಒಂದು ಚೊಂಬು ಈ ಗತಿಗೆ ತಂದಿದೆ, ಕೂಸಿನ ಜೀವ ತೆಗೆಯಲು ಅರ್ಧ ಬಾಟಲಿ ಸಾಕಿತ್ತು. ಕಾಸಿದರೂ ಆ ವಿಷ ಹೋಗುವುದಿಲ್ಲ.

ಭಾನುಪ್ರಕಾಶ ಈಗಲೂ ನನ್ನೊಡನೆ ಮಾತಾಡುವಾಗ ತಮ್ಮ ಅಂಗೈಗಳನ್ನೇ ನೋಡುತ್ತಾರೆ. "ಮಗ್ಗದಾಗ ಕೂತಾಗ ಈ ಕೈ ಕಾಣತಾವರಿ. ಇವೇ ಕೈಲೆ ನೂಕಿದ್ದು. ಆಕಿ ನನ್ನ ಮಗಳನ್ನ ಉಳಿಸಿದ್ಲು, ನಾ ಆಕಿ ಕೈ ಮುರಿದೆ." ಪ್ಲಾಸ್ಟರ್ ಇದ್ದ ಆರು ವಾರವೂ ಅವರೇ ಮೈಲಮ್ಮನನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಕ್ಷಮೆ ಕೇಳಲು ಬಾಯಿ ಬರಲಿಲ್ಲವಂತೆ. ಮೈಲಮ್ಮ ಕೇಳಲೂ ಇಲ್ಲ. "ಕೂಸಿನ ತಂದಿ. ಮನ್ಯಾಗ ಯಾರೋ ಬಂದು ಬಾಟಲಿ ಒಗದ್ರ ನೂಕದ ಏನು ಮಾಡತಾರ? ನಾನಾದ್ರೂ ನೂಕತಿದ್ದೆ," ಎನ್ನುತ್ತಾರೆ.

ಆ ಆರು ವಾರವೂ ಜರಿಯ ನೀರು ನಿಲ್ಲಲಿಲ್ಲ. ಮೈಲಮ್ಮ ಒಂದೇ ಕೈಯಲ್ಲಿ ತಿಕ್ಕಿದರು. ಬೋಗುಣಿ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಿತ್ತು. ಎರಡನೆಯ ದಿನ ಅನಂತಮ್ಮ ಸೀರೆ ಎತ್ತಿ ಕಟ್ಟಿಕೊಂಡು, ಕಣ್ಣು ಮುಚ್ಚಿಕೊಂಡೇ ಆ ಕೋಣೆಗೆ ಬಂದರು.

"ಅಷ್ಟು ವರ್ಷ ಈ ಬಾಗಿಲು ದಾಟಿರಲಿಲ್ಲ," ಎನ್ನುತ್ತಾರೆ ಅನಂತಮ್ಮ. "ಮುರಿದ ಕೈಲೆ ಆಕಿ ಏಳು ಸಲ ಜಾಲಸೋದು ಹೊರಗ ನಿಂತು ನೋಡಿದೆ. ನಾಚಿಕಿ ಆತು. ಏಳು ಯಾಕ, ಮೂರು ಸಾಕು ಬಿಡು ಅಂದ್ರ ಕೇಳಲಿಲ್ಲ. 'ಅಕ್ಕಾರ, ಕೈ ನನ್ನದು ಮುರದೈತಿ, ಅದು ಏನು ಮಾಡೈತಿ?' ಅಂದ್ಲು."

ಈಗ ವಠಾರದ ನಳಕ್ಕೆ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವು ಬಂದಿದೆ. ಜಂಬಪ್ಪ ಔಷಧಿ ಕಲಸುವುದು ಹೊಲದಲ್ಲೇ, ಕೊಡದಲ್ಲಿ ನೀರು ಹೊತ್ತು. ಬೆಳಿಗ್ಗೆ ಮೋಟರು ಹಚ್ಚಿದ ಮೇಲೆ ಮೊದಲ ಕೊಡವನ್ನು ವಠಾರದವರು ಮೈಲಮ್ಮನ ಮುಂದೆ ತಂದಿಡುತ್ತಾರೆ. ಅವರು ಸೈ ಎಂದ ಮೇಲೆಯೇ ಉಳಿದವರು ಹಿಡಿಯುತ್ತಾರೆ. ನಾನಿದ್ದ ಬೆಳಿಗ್ಗೆ ಆ ಕೊಡ ತಂದವರು ಸ್ವತಃ ಕುರುಮಮ್ಮ. ಕೈ ಇನ್ನೂ ಸಣ್ಣಗೆ ನಡುಗುತ್ತದೆ. ಕೊಡ ಇಟ್ಟರು, ತಾವೇ ಚೊಂಬಿನಲ್ಲಿ ಸ್ವಲ್ಪ ತೆಗೆದು ಮೇಲಿನಿಂದ ಮೈಲಮ್ಮನ ಬೊಗಸೆಗೆ ಸುರಿದರು. ಮೈಲಮ್ಮ ನೋಡಿ, ಉಜ್ಜಿ, ಮೂಸಿ ತಲೆಯಾಡಿಸಿದರು. ಕುರುಮಮ್ಮ ಕೊಡ ಎತ್ತಿಕೊಂಡು ಹೋದರು.

ಅಂದರೆ, ಇವತ್ತಿಗೂ ಕೊಡ ಮುಟ್ಟಗೊಡುವುದಿಲ್ಲವೇ? ನನ್ನ ದನಿ ನನಗೇ ಗೊತ್ತಿಲ್ಲದೆ ಏರಿತ್ತು.

"ಇಲ್ಲರಿ," ಎಂದರು ಮೈಲಮ್ಮ ಸಹಜವಾಗಿ. "ನವನೀತಾ ಮನ್ಯಾಗ ಚಹಾ ಕೊಡತಾಳ, ಕೂಸನ್ನ ತೊಡಿಮ್ಯಾಲ ಹಾಕತಾಳ. ಮುದುಕಿಗಿ ಇನ್ನಾ ಆಗಂಗಿಲ್ಲ. ಆಗದಿದ್ರ ಬಿಡ್ರಿ. ನೀರು ಚಲೋ ಐತಿ ಅಂದ್ರ ನಂಬತಾಳಲ್ಲ, ನನಗ ಅಷ್ಟ ಸಾಕು."

ನನಗೆ ಸಾಕಾಗಲಿಲ್ಲ. ಆದರೆ ವಾದಿಸುವ ಹಕ್ಕು ನನಗೆಲ್ಲಿದೆ? ಪೆನ್ನು ಎತ್ತಿಕೊಳ್ಳಲೂ ಹೆದರಿ ನಿಂತವಳು ನಾನು.

ಹೊರಡುವ ಮುನ್ನ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಮನೆ, ಪಿಂಚಣಿ, ಒಂದು ಸನ್ಮಾನ, ಹೀಗೆ ಏನಾದರೂ ಹೇಳಬಹುದೆಂದು ಕಾದೆ. ಮೈಲಮ್ಮ ಪೆಟ್ಟಿಗೆಯ ಕಡೆ ತಿರುಗಿದರು. ಗಾಜಿನೊಳಗೆ ಹೊಸ ನೀರಿನ ಬೋಗುಣಿ ಅಲುಗದೆ ನಿಂತಿತ್ತು.

"ಒಂದೈತ್ರಿ. ನಗಬ್ಯಾಡ್ರಿ. ನಾಲ್ಕು ವರ್ಷ ಆತು. ಇದು ನೀರು ಕುಡಿಯೋದು ನಾ ಒಂದು ದಿನಾನೂ ನೋಡಿಲ್ಲ."

ಸಾವಿರದ ನಾನೂರಕ್ಕೂ ಹೆಚ್ಚು ದಿನ, ಒಮ್ಮೆಯೂ ಇಲ್ಲವೇ?

"ಮಂದಿ ಇದ್ದಾಗ ಕುಡಿಯಂಗಿಲ್ಲ ಅದು. ನಾಚಿಕಿ ಸ್ವಭಾವ. ನಾ ಹೋದ ಮ್ಯಾಲ ಕುಡೀತೈತಿ. ಸಂಜಿಮುಂದ ಬಂದು ನೋಡಿದ್ರ ನೀರು ಒಂದು ಬೆರಳು ಇಳದಿರತೈತಿ. ಅದರ ಮ್ಯಾಲಿಂದ ತಿಳಕೋತೀನಿ. ಮೈಯಾಗ ಶಕ್ತಿ ಇರೋದರೊಳಗ ಒಂದು ಸಲ, ಅದು ಬಾಯಿ ಇಟ್ಟು ಕುಡಿಯೋದು ನೋಡಬೇಕು. ಅಷ್ಟರಿ."

ಅವರು ಗಾಜಿನ ಬಾಗಿಲು ಸರಿಸಿ ಮುಚ್ಚಿದರು. ಜರಿ ತಲೆಯೆತ್ತಿ ಬೋಗುಣಿಯ ಅಂಚಿನ ಮೇಲೆ ಗಲ್ಲ ಇಟ್ಟಿತು. ಮೈಲಮ್ಮ ನನ್ನ ತೋಳು ಮುಟ್ಟಿ, ಬೆರಳನ್ನು ತುಟಿಯ ಮೇಲಿಟ್ಟು, ಬಾಗಿಲಿನ ಕಡೆ ಸನ್ನೆ ಮಾಡಿದರು.

"ನಡೀರಿ ಹೋಗೂನು. ನಾವು ನಿಂತ್ರ ಅದು ಕುಡಿಯಂಗಿಲ್ಲ."